ಅರಿಯದ ವಚನದ ಮುಂದೆ ಓದುಗನ ಧರ್ಮ

ಶಿವಶರಣರ ವಚನಗಳನ್ನು ನಿತ್ಯವೂ ಓದುವ ಸದ್ಭಕ್ತರು ನಾಡಿನಲ್ಲಿ ಅನೇಕರಿರುವರು. ಬೆಳಗಿನ ಲಿಂಗಪೂಜೆ ಮುಗಿದ ಬಳಿಕ ಒಂದೆರಡು ವಚನಗಳನ್ನು ಹೇಳಿಕೊಂಡು ಹೊಲಕ್ಕೋ ಅಂಗಡಿಗೋ ಕಚೇರಿಗೋ ತೆರಳುವುದು ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಇಂತಹ ಓದುಗನಿಗೆ ಬಸವಣ್ಣನವರ ವಚನಗಳು ಬಹುಮಟ್ಟಿಗೆ ಮನೆಯ ಹಿರಿಯನು ಕಟ್ಟೆಯ ಮೇಲೆ ಕುಳಿತು ಹೇಳುವ ಬುದ್ಧಿವಾದದಂತೆ ಒಡನೆಯೇ ತಿಳಿಯುತ್ತವೆ. ಆದರೆ ನಾಲ್ಕು ಪುಟಗಳನ್ನು ತಿರುವಿದರೆ ಅಲ್ಲಮಪ್ರಭುದೇವರ ಬೆಡಗಿನ ವಚನವೊಂದು ಎದುರಾಗುತ್ತದೆ. ಅಲ್ಲಿಯ ಶಬ್ದಗಳೆಲ್ಲ ಪರಿಚಿತವಾದುವೇ: ಹಾವು, ಕಪ್ಪೆ, ಬಾವಿ, ಕೋಡಗ, ಬೆಂಕಿ, ನೀರು. ವಾಕ್ಯವೂ ಕನ್ನಡವೇ. ಆದರೂ ಅರ್ಥವು ಕೈಗೆ ಸಿಕ್ಕದು. ಓದುಗನು ಒಮ್ಮೆ ಓದಿ, ಮತ್ತೊಮ್ಮೆ ಓದಿ, ಸುಮ್ಮನೆ ಕೈಮುಗಿದು ಪುಟವನ್ನು ಮಗುಚುವನು.

ಈ ಸಂದರ್ಭವು ನೋಡುವುದಕ್ಕೆ ಚಿಕ್ಕದು, ವಿಚಾರಿಸಿದರೆ ದೊಡ್ಡದು. ತನಗೆ ತಿಳಿಯದ ವಚನದ ವಿಷಯದಲ್ಲಿ ಭಕ್ತನು ನಡೆದುಕೊಳ್ಳಬೇಕಾದ ರೀತಿ ಯಾವುದು? ಅರ್ಥವರಿಯದೆ ಬಾಯಿಂದ ಹೇಳುವುದು ಬರಿಯ ಶಬ್ದವಾಗುವುದಿಲ್ಲವೆ? ತಿಳಿಯದುದನ್ನು ತಿಳಿದೆನೆಂದು ನಾಲ್ವರ ಮುಂದೆ ಹೇಳಿದರೆ ಅದು ಅಸತ್ಯವಾಗುವುದಿಲ್ಲವೆ? ತಿಳಿಯದೆಂದು ಬಿಟ್ಟುಬಿಟ್ಟರೆ ಶರಣರ ವಾಣಿಗೆ ಅಪಚಾರವಾಗುವುದಿಲ್ಲವೆ? ಇವು ಕೇವಲ ಸಾಹಿತ್ಯದ ಪ್ರಶ್ನೆಗಳಲ್ಲ. ನುಡಿಯೂ ನಡೆಯೂ ಒಂದಾಗಿರಬೇಕೆಂದು ಬೋಧಿಸಿದವರ ಗ್ರಂಥವನ್ನು ಕೈಯಲ್ಲಿ ಹಿಡಿದವನಿಗೆ ಓದುವಿಕೆಯೂ ಒಂದು ಆಚಾರವೇ ಆಗಿದೆ.

ಅರಿಯದ ವಚನದ ಮುಂದೆ ಓದುಗರು ಸಾಮಾನ್ಯವಾಗಿ ಮೂರು ಬಗೆಯಲ್ಲಿ ನಡೆದುಕೊಳ್ಳುವರು. ಮೊದಲನೆಯವನು, ಇದು ಜ್ಞಾನಿಗಳಿಗೆ ಸೇರಿದ್ದು, ಸಂಸಾರಿಗಳಾದ ತಮ್ಮಂಥವರಿಗಲ್ಲವೆಂದು ದೂರದಿಂದಲೇ ನಮಸ್ಕರಿಸುವನು. ಎರಡನೆಯವನು, ಯಾರೋ ಕೊಟ್ಟ ಸಿದ್ಧಾರ್ಥವನ್ನು ಕಂಠಪಾಠಮಾಡಿ, ಹಾವೆಂದರೆ ಇದು, ಕಪ್ಪೆಯೆಂದರೆ ಅದು ಎಂದು ಲೆಕ್ಕದ ಮಗ್ಗಿಯಂತೆ ಒಪ್ಪಿಸಿ ತೃಪ್ತನಾಗುವನು. ಮೂರನೆಯವನು, ವಚನದಲ್ಲಿ ಏನಿದೆಯೆಂದು ಕೇಳುವುದನ್ನೇ ಬಿಟ್ಟು ತನ್ನ ಮನಸ್ಸಿನಲ್ಲಿರುವುದನ್ನು ಅದರ ಬಾಯಿಂದ ಹೇಳಿಸುವನು. ಮೊದಲನೆಯವನಲ್ಲಿ ಭಯವಿದೆ, ಎರಡನೆಯವನಲ್ಲಿ ಆಲಸ್ಯವಿದೆ, ಮೂರನೆಯವನಲ್ಲಿ ಅಹಂಕಾರವಿದೆ. ಮೂವರಲ್ಲಿಯೂ ಇಲ್ಲದಿರುವುದು ಒಂದೇ: ವಚನದೊಡನೆ ಸ್ವತಃ ದುಡಿಯುವ ಮನಸ್ಸು.

ಮೊದಲನೆಯ ಬಗೆಯಿಂದ ಎಂತಹ ಹಾನಿಯುಂಟಾಗಬಹುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿಯಾಗಿದೆ. ವಚನಗಳ ಓಲೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲೆ ವಿಭೂತಿ ಪತ್ರೆಗಳ ಪೂಜೆಯನ್ನು ಕೈಕೊಳ್ಳುತ್ತಿದ್ದುವು. ದಾರವನ್ನು ಬಿಚ್ಚಿ ಓದುವವರು ಮಾತ್ರ ವಿರಳವಾಗಿದ್ದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ಊರೂರು ಅಲೆದು ಈ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲಿದ್ದುದು ಜನರ ಕೈಗೆ ಬಂದುದು ಹೀಗೆ. ಬಳಿಕ ಅನೇಕ ವಿದ್ವಾಂಸರು ಶ್ರಮಿಸಿ, 1993ರಲ್ಲಿ ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಓಲೆಗೆ ಅಂದು ದಾರದ ಕಟ್ಟಿತ್ತು. ಇಂದು ಪುಸ್ತಕಕ್ಕೆ ಗಾಜಿನ ಬೀರುವಿನ ಕಟ್ಟಾಗದಿರುವಂತೆ ನೋಡಿಕೊಳ್ಳುವುದು ಗೃಹಸ್ಥನ ಕರ್ತವ್ಯ. ಪೂಜೆಯು ಓದಿಗೆ ಪೀಠಿಕೆಯಾಗಬೇಕೇ ಹೊರತು ಓದನ್ನು ತಪ್ಪಿಸಿಕೊಳ್ಳುವ ಉಪಾಯವಾಗಬಾರದು.

ಹಾಗಾದರೆ ಓದುವ ಬಗೆ ಹೇಗೆ? ಷಟ್‌ಸ್ಥಲಶಾಸ್ತ್ರದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯರೆಂಬ ಆರು ಸ್ಥಲಗಳಿಗೆ ಅನುಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಿದೆ. ಇವು ಲಿಂಗಾಂಗ ಸಾಮರಸ್ಯದ ಮಾರ್ಗದಲ್ಲಿಯ ಮೆಟ್ಟಿಲುಗಳು. ಪುಸ್ತಕ ಓದುವುದಕ್ಕಾಗಿ ಹೇಳಿದುವಲ್ಲ. ಆದರೂ ಸಾಧಕನು ಲಿಂಗದ ಬಳಿಗೆ ಹೋಗುವ ಕ್ರಮದಲ್ಲಿಯೇ ಲಿಂಗವಂತರ ವಾಣಿಯ ಬಳಿಗೂ ಹೋಗಬಹುದಾಗಿದೆ. ಈ ಆರರ ಬೆಳಕಿನಲ್ಲಿ ನೋಡಿದರೆ ಅರಿಯದ ವಚನವನ್ನು ಓದುವ ದಾರಿ ತಾನಾಗಿ ತೋರುತ್ತದೆ.

ಮೊದಲನೆಯದು ಶ್ರದ್ಧೆ. ಶ್ರದ್ಧೆಯೆಂದರೆ ಹೇಳಿದುದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವುದೆಂದಲ್ಲ; ಇಲ್ಲಿ ಅರ್ಥವಿದೆ, ಅದು ತನಗಿನ್ನೂ ದೊರೆತಿಲ್ಲವೆಂಬ ವಿಶ್ವಾಸ. ತನ್ನ ಬುದ್ಧಿಗೆ ನಿಲುಕದುದೆಲ್ಲ ಅಸಂಬದ್ಧವೆಂದು ತೀರ್ಮಾನಿಸುವವನು ಬಾವಿಯಲ್ಲಿ ನೀರಿಲ್ಲವೆಂದು ದೂರುವ ಮೊದಲು ತನ್ನ ಹಗ್ಗದ ಉದ್ದವನ್ನು ನೋಡಿಕೊಳ್ಳಬೇಕು. ‘ಶೂನ್ಯಸಂಪಾದನೆ’ಯಲ್ಲಿ ಸಿದ್ಧರಾಮೇಶ್ವರರ ಪ್ರಸಂಗವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಇಂದು ಸೊಲ್ಲಾಪುರವೆನಿಸಿರುವ ಸೊನ್ನಲಿಗೆಯಲ್ಲಿ ಅವರು ಕೆರೆಗಳನ್ನು ಕಟ್ಟಿಸುತ್ತ, ಗುಡಿಗಳನ್ನು ನಿಲ್ಲಿಸುತ್ತ ಲೋಕೋಪಕಾರದಲ್ಲಿ ನಿರತರಾಗಿದ್ದಾಗ ಪ್ರಭುದೇವರು ಬಂದು ಅವರನ್ನು ಒಡ್ಡನೆಂದು ಕರೆದರು. ಕೆಲಸಗಾರರು ಕಲ್ಲುಗಳನ್ನೆಸೆದರು; ಸಿದ್ಧರಾಮರೂ ಕುಪಿತರಾದರು. ಆ ಕೋಪದಲ್ಲಿಯೇ ಅವರು ಹಿಂದಿರುಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ನಿಂತರು, ಪ್ರಶ್ನಿಸಿದರು, ಉತ್ತರವನ್ನು ಕೇಳಿದರು, ಮತ್ತೆ ಪ್ರಶ್ನಿಸಿದರು. ಕಡೆಗೆ ಕಲ್ಯಾಣಕ್ಕೆ ಹೊರಟು ಶರಣರ ಗೋಷ್ಠಿಯಲ್ಲಿ ಸೇರಿದರು. ತಿಳಿಯದ ಮಾತಿನಿಂದ ಮೊದಲು ಅಸಮಾಧಾನವಾಗುವುದು ಸಹಜ. ಅಸಮಾಧಾನವಾದ ಮೇಲೂ ಕೇಳುತ್ತ ನಿಲ್ಲುವುದೇ ಶ್ರದ್ಧೆ.

ಎರಡನೆಯದು ನಿಷ್ಠೆ. ಇಲ್ಲಿ ನಿಷ್ಠೆಯೆಂದರೆ ಶಬ್ದನಿಷ್ಠೆ. ಭಾವವು ಎಷ್ಟೇ ಗಹನವಾಗಿರಲಿ, ಅದು ಶಬ್ದದ ಬಾಗಿಲಿನಿಂದಲೇ ಒಳಗೆ ಬರಬೇಕು. ಸಂಸ್ಕೃತ ಪರಂಪರೆಯ ವ್ಯಾಖ್ಯಾನಕಾರರು ಪದಚ್ಛೇದ, ಪದಾರ್ಥಕಥನ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂದು ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಹೇಳಿರುವರು. ಪದಗಳನ್ನು ಬಿಡಿಸಬೇಕು, ಒಂದೊಂದರ ಅರ್ಥವನ್ನು ತಿಳಿಯಬೇಕು, ಸಮಾಸವನ್ನು ಒಡೆದು ನೋಡಬೇಕು, ವಾಕ್ಯವನ್ನು ಕೂಡಿಸಬೇಕು, ಏಳುವ ಸಂದೇಹಗಳಿಗೆ ಉತ್ತರವನ್ನು ಹುಡುಕಬೇಕು. ತಾತ್ಪರ್ಯವು ಈ ಐದೂ ಆದ ಮೇಲಿನ ಮಾತು. ಇಂದಿನ ಓದುಗನು ಮೊದಲನೆಯ ನಾಲ್ಕನ್ನು ಹಾರಿ ನೇರವಾಗಿ ತಾತ್ಪರ್ಯಕ್ಕೆ ಕೈಚಾಚುವುದರಿಂದಲೇ ಬಹಳಷ್ಟು ತೊಡಕುಗಳು ಉಂಟಾಗುತ್ತವೆ.

ವಚನಗಳ ವಿಷಯದಲ್ಲಿ ಈ ಎಚ್ಚರವು ವಿಶೇಷವಾಗಿ ಬೇಕು. ಓಲೆಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ, ಅಲ್ಪವಿರಾಮ ಪ್ರಶ್ನಾರ್ಥಕಗಳಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಹಳೆಯ ಲಿಪಿಯಲ್ಲಿ ಬೇರೆ ಬೇರೆ ಗುರುತುಗಳಿಲ್ಲದ ಕಾರಣ, ‘ಕೊಡು’ ಎಂದಿದೆಯೋ ‘ಕೋಡು’ ಎಂದಿದೆಯೋ ಎಂಬುದನ್ನು ಸಂದರ್ಭದಿಂದಲೇ ನಿಶ್ಚಯಿಸಬೇಕು. ‘ಶಿವನೆನ್ನ’ ಎಂಬ ಕೂಡುಪದವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ‘ಎನ್ನ’ ಎಂಬುದಕ್ಕೆ ‘ನನ್ನ’ ಎಂದು ಅರ್ಥಮಾಡಿದರೆ ಶಿವನು ತನ್ನವನೆಂಬ ಆತ್ಮೀಯತೆ ಹೊರಡುತ್ತದೆ. ‘ಎನ್ನನು’, ಅಂದರೆ ಹೇಳನು, ಎಂದು ಅರ್ಥಮಾಡಿದರೆ ಶಿವನೆಂದು ಬಾಯಲ್ಲಿ ಹೇಳದವನ ನಿಂದೆಯಾಗುತ್ತದೆ. ಒಂದೇ ಅಕ್ಷರಮಾಲೆ, ಎರಡು ವಿರುದ್ಧಾರ್ಥ. ಇನ್ನೂ ಒಂದು ತೊಡಕುಂಟು. ಹಳಗನ್ನಡದಲ್ಲಿದ್ದ ಶಕಟರೇಫವೂ ರಳವೂ ಕ್ರಮೇಣ ಲೋಪವಾಗಿ ರಕಾರ ಳಕಾರಗಳಲ್ಲಿ ಬೆರೆತುಹೋದುವು. ಕೂಗಿ ಕರೆಯುವುದಕ್ಕೂ ಹಾಲು ಕರೆಯುವುದಕ್ಕೂ ಹಿಂದೆ ಬರಹದಲ್ಲಿಯೇ ಭೇದವಿತ್ತು. ಈಗ ಎರಡೂ ಒಂದೇ ರೂಪ. ‘ಅರಿ’ ಎಂಬಲ್ಲಿ ತಿಳಿಯುವುದೂ ಉಂಟು, ಕತ್ತರಿಸುವುದೂ ಉಂಟು. ಇಂತಹ ಸ್ಥಳಗಳಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟು ಇಂದಿಗೂ ಉಪಕಾರಿಯಾಗಿದೆ. ಸಮಗ್ರ ಸಂಪುಟಗಳ ಕೊನೆಯದಾಗಿ ಬಂದ ಪಾರಿಭಾಷಿಕ ಪದಕೋಶವೂ ಓದುಗನ ಬಲಗೈಯಂತಿದೆ.

ಅಪರಿಚಿತ ಶಬ್ದಕ್ಕಿಂತ ಪರಿಚಿತ ಶಬ್ದವೇ ಓದುಗನನ್ನು ಹೆಚ್ಚು ದಾರಿತಪ್ಪಿಸುವುದು. ಅಪರಿಚಿತವಾದರೆ ನಿಘಂಟನ್ನು ತೆರೆಯುವನು. ಪರಿಚಿತವಾದರೆ ವಿಚಾರಿಸದೆ ಮುಂದೆ ಸಾಗುವನು. ‘ಬೆಡಗು’ ಎಂದರೆ ಇಂದು ಒಯ್ಯಾರ. ವಚನ ಪರಂಪರೆಯಲ್ಲಿ ಅದು ಮರೆಯಾಗಿ ಹೇಳಿದ ಗೂಢಾರ್ಥ. ‘ಬಯಲು’ ಎಂದರೆ ಇಂದು ಊರಾಚೆಯ ತೆರೆದ ನೆಲ. ಶರಣರಲ್ಲಿ ಅದು ಸರ್ವಶೂನ್ಯವಾದ ನಿರಾಕಾರತತ್ತ್ವ. ‘ದಾಸೋಹ’ವೆಂದರೆ ಇಂದು ಊಟದ ಪಂಕ್ತಿ ಕಣ್ಣಿಗೆ ಕಟ್ಟುತ್ತದೆ, ಅಲ್ಲಿ ಅದು ತಾನು ದಾಸನೆಂಬ ಭಾವದಿಂದ ದುಡಿದುದನ್ನು ಸಮರ್ಪಿಸುವ ವ್ರತ, ಊಟವು ಅದರ ಒಂದು ಅಂಗ.

ಇವೆಲ್ಲಕ್ಕಿಂತ ಮಿಗಿಲಾಗಿ ಗೃಹಸ್ಥನು ಎಚ್ಚರದಿಂದ ಓದಬೇಕಾದ ಶಬ್ದ ‘ಸಂಸಾರ’. ಇಂದು ಸಂಸಾರವೆಂದರೆ ಹೆಂಡತಿ ಮಕ್ಕಳು, ಮನೆಮಾರು. ಆ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಂಸಾರವನ್ನು ಹಳಿಯುವ ವಚನಗಳನ್ನು ಓದಿದವನಿಗೆ ಎರಡು ಬಗೆಯ ಕೇಡು ಸಂಭವಿಸುವುದುಂಟು. ಒಬ್ಬನು ಹೆಂಡತಿ ಮಕ್ಕಳನ್ನು ಬಂಧನವೆಂದು ಎಣಿಸಿ ಅವರ ಪಾಲನೆಯಲ್ಲಿ ಉದಾಸೀನನಾಗುವನು; ಅದಕ್ಕೆ ವೈರಾಗ್ಯವೆಂಬ ಹೆಸರನ್ನೂ ಕೊಡುವನು. ಇನ್ನೊಬ್ಬನು, ಮನೆಯನ್ನು ಬಿಡಲಾರದ ತನಗೆ ಶರಣಮಾರ್ಗವೇ ಇಲ್ಲವೆಂದು ಕುಗ್ಗಿಹೋಗುವನು. ವಚನಕಾರರು ಹಳಿದುದು ಭವಚಕ್ರಕ್ಕೆ ಕಟ್ಟಿಹಾಕುವ ಆಸೆಯನ್ನೇ ಹೊರತು ಮನೆಯನ್ನಲ್ಲ. ಹೊರಗಿನ ವಸ್ತುಗಳಲ್ಲಿ ಮಾಯೆಯನ್ನು ಹುಡುಕದೆ ತನ್ನ ಬಯಕೆಯಲ್ಲಿ ಹುಡುಕಬೇಕೆಂಬುದೇ ಪ್ರಭುದೇವರ ಬೋಧೆಯ ಸಾರ. ಬಸವಣ್ಣನವರು ಗೃಹಸ್ಥರು, ಮೋಳಿಗೆ ಮಾರಯ್ಯನವರೂ ಮಹಾದೇವಮ್ಮನವರೂ ಸತಿಪತಿಗಳು, ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ಸತಿಪತಿಗಳು. ಒಂದು ಶಬ್ದವನ್ನು ಇಂದಿನ ಅರ್ಥದಲ್ಲಿ ಓದಿದ ಮಾತ್ರಕ್ಕೆ ಒಂದು ಮನೆಯ ನೆಮ್ಮದಿಯೇ ಕೆಡಬಹುದೆಂದಾದರೆ, ಶಬ್ದನಿಷ್ಠೆಯು ಪಂಡಿತರ ವಿಲಾಸವೆಂದು ಯಾರು ಹೇಳಬಲ್ಲರು?

ಮೂರನೆಯದು ಅವಧಾನ. ಇದು ಪ್ರಸಾದಿಯ ಲಕ್ಷಣ. ದೊರೆತುದನ್ನು ಎಚ್ಚರದಿಂದ ಸ್ವೀಕರಿಸುವುದು, ಚೆಲ್ಲದಿರುವುದು, ಕೆಡಿಸದಿರುವುದು ಪ್ರಸಾದಿಯ ನಡತೆ. ಓದಿನಲ್ಲಿ ಹಿರಿಯರ ಟೀಕೆ ವ್ಯಾಖ್ಯಾನಗಳೇ ಪ್ರಸಾದ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು, ವಿರಕ್ತರೂ ವಿದ್ವಾಂಸರೂ ವಚನಗಳನ್ನು ಸಂಗ್ರಹಿಸಿ, ಸ್ಥಲಗಳಲ್ಲಿ ಹೊಂದಿಸಿದರು. ಬೆಡಗಿನ ವಚನಗಳಿಗೆ ಟೀಕೆಗಳೂ ಹುಟ್ಟಿದುವು. ಆ ಮಹನೀಯರ ಶ್ರಮವಿಲ್ಲದಿದ್ದರೆ ಎಷ್ಟೋ ವಚನಗಳ ಬಾಗಿಲು ಇಂದಿಗೂ ತೆರೆಯುತ್ತಿರಲಿಲ್ಲ. ಆದುದರಿಂದ ಟೀಕೆಯನ್ನು ತಿರಸ್ಕರಿಸುವುದು ಅವಿವೇಕ. ಆದರೆ ಪ್ರಸಾದವನ್ನು ಸ್ವೀಕರಿಸಿದವನು ಅದನ್ನು ತಾನೇ ಅಡಿಗೆಮಾಡಿದೆನೆಂದು ಹೇಳಿಕೊಳ್ಳುವುದಿಲ್ಲ. ಟೀಕಾಕಾರರ ಅರ್ಥವನ್ನು ಟೀಕಾಕಾರರದೆಂದೇ ಹೇಳಬೇಕು. ತನಗೆ ಹೊಳೆದುದನ್ನು ತನಗೆ ಹೊಳೆದುದೆಂದು ಹೇಳಬೇಕು. ಇವೆರಡನ್ನೂ ಬೆರಸದಿರುವುದೇ ಓದುಗನ ಸತ್ಯಶುದ್ಧತೆ.

ಟೀಕೆಯನ್ನು ಮಗ್ಗಿಯಂತೆ ಬಳಸುವುದೂ ಅವಧಾನಕ್ಕೆ ವಿರುದ್ಧ. ಕೋಡಗವೆಂದರೆ ಚಂಚಲವಾದ ಮನಸ್ಸೆಂದು ಒಂದು ಟೀಕೆಯಲ್ಲಿ ಕಂಡವನು, ಮುಂದೆ ಕೋಡಗ ಬಂದಲ್ಲೆಲ್ಲ ಮನಸ್ಸೆಂದೇ ಹೇಳತೊಡಗುವನು. ನೀರು ಒಂದೆಡೆ ಪಾವನತೆಗೆ ಹೋಲಿಕೆಯಾದರೆ ಮತ್ತೊಂದೆಡೆ ಅಳಿದುಹೋಗುವ ದೇಹಕ್ಕೆ ಹೋಲಿಕೆಯಾದೀತು. ಬೆಂಕಿಯು ಒಂದೆಡೆ ಜ್ಞಾನ, ಇನ್ನೊಂದೆಡೆ ಹಸಿವು, ಮತ್ತೊಂದೆಡೆ ಕಾಮ. ಅದಕ್ಕೆ ವಚನದ ಒಡಲೇ ಪ್ರಮಾಣ. ಮಕ್ಕಳು ಹೇಳುವ ಒಗಟಿಗೂ ಬೆಡಗಿಗೂ ಇರುವ ಅಂತರ ಇದೇ. ಒಗಟಿಗೆ ದೀಪವೆಂದೋ ತೆಂಗಿನಕಾಯಿಯೆಂದೋ ಉತ್ತರ ಹೇಳಿದೊಡನೆ ಆಟ ಮುಗಿಯುತ್ತದೆ. ಬೆಡಗಿನಲ್ಲಿ ಉತ್ತರವು ಹೊಳೆದ ಮೇಲೆಯೇ ನಿಜವಾದ ಕೆಲಸ ಆರಂಭವಾಗುವುದು. ಕೋಡಗವೆಂದರೆ ಮನಸ್ಸೆಂದು ತಿಳಿದವನು, ಅಂದಿನಿಂದ ತನ್ನ ಮನಸ್ಸಿನ ಜಿಗಿತಗಳನ್ನು ಗಮನಿಸದೆ ಹೋದರೆ ಅವನಿಗೆ ತಿಳಿದುದಾದರೂ ಏನು? ಈ ಬಗೆಯ ಗೂಢವಾಣಿ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳಿನಲ್ಲಿ ತಿರುಮೂಲರ ‘ತಿರುಮಂದಿರಂ’ ಗ್ರಂಥದಲ್ಲಿ ಶೂನ್ಯಸಂಭಾಷಣೆಯೆಂಬ ಭಾಗವಿದೆ. ಕಬೀರದಾಸರ ಇಂತಹ ಪದಗಳನ್ನು ಹಿಂದಿಯಲ್ಲಿ ಉಲಟಬಾಂಸಿಯೆನ್ನುವರು. ಹೇಳುವವರು ಬೇರೆ, ಭಾಷೆ ಬೇರೆ. ಕೇಳುವವನನ್ನು ನಿದ್ದೆಯಿಂದೆಬ್ಬಿಸುವ ಉದ್ದೇಶ ಒಂದೇ.

ಅವಧಾನದ ಮತ್ತೊಂದು ಮುಖವೆಂದರೆ, ಯಾರು ಯಾರಿಗೆ ಹೇಳಿದ ಮಾತೆಂದು ವಿಚಾರಿಸುವುದು. ಅಂಕಿತವು ಇದರ ಮೊದಲ ಗುರುತು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಕಂಡೊಡನೆ ಬಸವಣ್ಣನವರ ಆರ್ತತೆ, ಪ್ರಭುದೇವರ ನಿಷ್ಠುರತೆ, ಮಹಾದೇವಿಯಕ್ಕನ ವಿರಹ ಇವುಗಳಲ್ಲಿ ಯಾವ ಧ್ವನಿಯನ್ನು ಕೇಳುತ್ತಿರುವೆನೆಂದು ಓದುಗನು ಅಣಿಯಾಗಬೇಕು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿ, ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಶೂನ್ಯಸಂಪಾದನೆಗಳ ಹಿರಿಮೆಯೂ ಇದೇ. ಅವರು ಬಿಡಿಬಿಡಿಯಾದ ವಚನಗಳಿಗೆ ಹೇಳುವವನನ್ನೂ ಕೇಳುವವನನ್ನೂ ಕಲ್ಪಿಸಿ ಸಂವಾದದಲ್ಲಿ ನಿಲ್ಲಿಸಿದರು. ಅದು ಹನ್ನೆರಡನೆಯ ಶತಮಾನದ ವಚನಗಳಿಗೆ ಮೂರು ನಾಲ್ಕು ಶತಮಾನಗಳ ತರುವಾಯ ದೊರೆತ ಸಂದರ್ಭವೆಂಬುದು ನಿಜ. ಆದರೆ ಮಾತಿಗೆ ಸಂದರ್ಭ ಬೇಕೆಂಬ ಪಾಠವನ್ನು ಅವರಂತೆ ಕಲಿಸಿದವರು ವಿರಳ.

ಈ ಪಾಠವನ್ನು ಮರೆತರೆ ಅಮೃತವೂ ವಿಷವಾಗುವುದು. ಮಗುವನ್ನು ಕಳೆದುಕೊಂಡ ತಾಯಿಯ ಮನೆಗೆ ಸಾಂತ್ವನ ಹೇಳಲು ಬಂದವರಲ್ಲಿ ಒಬ್ಬನು, ಶರಣರಿಗೆ ಮರಣವು ಹಬ್ಬ, ಅಳುವುದು ಲಿಂಗವಂತರಿಗೆ ಸಲ್ಲದು ಎಂದು ವಚನಗಳ ಆಧಾರ ಕೊಟ್ಟು ಹೇಳುವುದುಂಟು. ತಾಯಿ ಕಣ್ಣೊರಸಿಕೊಂಡು ಸುಮ್ಮನಾಗುವಳು; ಅವಳ ದುಃಖವು ಒಳಗೆ ಹೆಪ್ಪುಗಟ್ಟುವುದು. ಹೇಳಿದವನು ತಾನು ವಚನವನ್ನು ಬಲ್ಲೆನೆಂದುಕೊಂಡು ಹಿಂದಿರುಗುವನು. ಅವನು ಬಲ್ಲನೆ? ಶರಣನು ಮರಣವನ್ನು ಹಬ್ಬವೆಂದು ಬಗೆದುದು ತನ್ನ ಮರಣವನ್ನು. ಪರರ ಮನೆಯ ಸಾವನ್ನಲ್ಲ. ತನ್ನ ಎದೆಗೆ ಹೇಳಿಕೊಂಡಾಗ ಧೈರ್ಯವಾಗುವ ಮಾತೇ ಪರರ ಎದೆಗೆ ಎಸೆದಾಗ ಕಲ್ಲಾಗುವುದು. ಶಬ್ದಾರ್ಥವು ಸರಿಯಾಗಿದ್ದರೂ, ಯಾರಿಗೆ ಸಲ್ಲುವ ಮಾತೆಂಬುದನ್ನು ಅರಿಯದ ಕಾರಣ ಅವನ ಓದು ದಯೆಯನ್ನು ನೀಗಿಕೊಂಡಿತು. ದಯೆಯನ್ನು ನೀಗಿಕೊಂಡ ಅರ್ಥವು ಶರಣರ ಅರ್ಥವಾಗಲಾರದು.

ನಾಲ್ಕನೆಯದು ಅನುಭವ. ವಚನಗಳ ಬಹುಭಾಗವು ಕಾಯಕದಿಂದ ಹುಟ್ಟಿದುದು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು. ಜೇಡರ ದಾಸಿಮಯ್ಯನವರು ಮಗ್ಗದಲ್ಲಿ ಕುಳಿತವರು. ಮಡಿವಾಳ ಮಾಚಿದೇವರು ಬಟ್ಟೆಯ ಮಲವನ್ನು ತೊಳೆದವರು. ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದವರು. ಹಾಸು ಹೊಕ್ಕುಗಳ ಮಾತನ್ನು ಪಂಡಿತನು ನಿಘಂಟಿನಿಂದ ತಿಳಿಯಬೇಕು. ನೇಕಾರನಿಗೆ ಅದು ಬೆರಳಿಗೇ ಗೊತ್ತು. ಉಳುವವನಿಗೆ ಬಿತ್ತ ಬೆಳೆಗಳ ಹೋಲಿಕೆಯನ್ನೂ, ಒಲೆಯ ಮುಂದೆ ಕುಳಿತ ಗೃಹಿಣಿಗೆ ಉರಿ ಹೊಗೆಗಳ ಹೋಲಿಕೆಯನ್ನೂ ಯಾರೂ ವಿವರಿಸಬೇಕಾಗಿಲ್ಲ. ಇದು ಗೃಹಸ್ಥನಿಗಿರುವ ದೊಡ್ಡ ಸಂಪತ್ತು. ವಿದ್ವತ್ತು ತನಗಿಲ್ಲವೆಂದು ಹಿಂಜರಿಯುವವನು ತನ್ನ ಕಾಯಕವೇ ಒಂದು ಟೀಕೆಯೆಂಬುದನ್ನು ಮರೆಯಬಾರದು. ಆರತಿಯಲ್ಲಿ ಕರ್ಪೂರವು ಬೂದಿಯನ್ನೂ ಉಳಿಸದೆ ಬೆಳಗಿ ಮುಗಿಯುವುದನ್ನು ನಿತ್ಯವೂ ಕಣ್ಣಾರೆ ಕಾಣುವವನಿಗೆ, ಐಕ್ಯಸ್ಥಲದ ವಚನಗಳಲ್ಲಿ ಕರ್ಪೂರವೇಕೆ ಬರುತ್ತದೆಂಬುದು ಒಂದಲ್ಲ ಒಂದು ದಿನ ತಾನಾಗಿ ಹೊಳೆಯುವುದು.

ಇಲ್ಲಿಯೇ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನೆಯಬೇಕು. ಕಲ್ಯಾಣದ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಮೆಚ್ಚಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ಅಕ್ಕಿಯು ಕಳವಿನದಲ್ಲ, ಬಿದ್ದುದನ್ನೇ ಆಯ್ದುದು. ಆದರೂ ದಿನದ ಕಾಯಕಕ್ಕೆ ಮೀರಿದ ಸಂಗ್ರಹವು ಆಸೆಯ ಬೀಜವೆಂದು ಆ ತಾಯಿ ಬಗೆದರು. ಓದುಗನಿಗೂ ಇದೇ ನೀತಿ ಸಲ್ಲುವುದು. ಒಂದು ಕುಳಿತದಲ್ಲಿ ನೂರು ವಚನಗಳ ಅರ್ಥವನ್ನು ಉಗ್ರಾಣಕ್ಕೆ ತುಂಬುವವನಿಗಿಂತ, ಒಂದು ವಚನದಲ್ಲಿ ಒಂದು ಹಿಡಿ ಅರ್ಥವನ್ನು ಆಯ್ದು ಅಂದಿನ ನಡತೆಯಲ್ಲಿ ಬೇಯಿಸಿ ಉಂಡವನೇ ಮೇಲು. ತಾನು ದುಡಿದಷ್ಟು ಅರ್ಥವನ್ನೇ ತನ್ನದೆನ್ನಬೇಕು. ಮಿಕ್ಕುದನ್ನು ಅಂಗಳದಲ್ಲಿಯೇ ಬಿಡಬೇಕು. ಅದು ಎಲ್ಲಿಗೂ ಹೋಗುವುದಿಲ್ಲ. ನಾಳೆ ಬಂದರೆ ಅಲ್ಲಿಯೇ ಇರುವುದು.

ಹೀಗೆ ಹೇಳಿದರೆ ಎರಡು ಆಕ್ಷೇಪಗಳು ಏಳಬಹುದು. ಒಬ್ಬೊಬ್ಬನು ತನ್ನ ಅನುಭವಕ್ಕೆ ಬಂದಷ್ಟನ್ನು ತೆಗೆದುಕೊಳ್ಳುವುದಾದರೆ, ಯಾರು ಏನು ಹೇಳಿದರೂ ಅರ್ಥವೇ ಆಗುವುದಿಲ್ಲವೆ ಎಂಬುದು ಮೊದಲನೆಯದು. ಆಗುವುದಿಲ್ಲ. ಅನುಭವವನ್ನು ನಾಲ್ಕನೆಯದಾಗಿ ಹೇಳಿರುವುದು ಇದಕ್ಕಾಗಿಯೇ. ಶ್ರದ್ಧೆ, ನಿಷ್ಠೆ, ಅವಧಾನಗಳ ಗಡಿಯನ್ನು ದಾಟಿಬಂದ ಅನುಭವವೇ ಪ್ರಮಾಣ. ಶಬ್ದವು ಒಪ್ಪದ, ಸಂದರ್ಭವು ಸಹಿಸದ, ಅದೇ ಶರಣನ ಇತರ ವಚನಗಳು ನಿರಾಕರಿಸುವ ಅರ್ಥವು ಎಷ್ಟೇ ಸೊಗಸಾಗಿದ್ದರೂ ಓದುಗನ ಸ್ವಂತ ಕಲ್ಪನೆಯಷ್ಟೇ. ಕೆರೆಗೆ ಏರಿಯಿದ್ದರೆ ನೀರು ನಿಲ್ಲುವುದು. ಏರಿ ಒಡೆದರೆ ಅದೇ ನೀರು ಬೆಳೆಯನ್ನು ಕೊಚ್ಚಿಕೊಂಡು ಹೋಗುವುದು.

ಪೂರ್ತಿ ತಿಳಿಯದವನು ಮಕ್ಕಳಿಗೆ ಹೇಗೆ ಹೇಳಿಕೊಡಬೇಕೆಂಬುದು ಎರಡನೆಯ ಆಕ್ಷೇಪ. ತಂದೆಯಾದವನು ತನಗೆ ಗೊತ್ತಿಲ್ಲವೆಂದರೆ ಗೌರವ ಕುಂದುವುದೆಂದು ಅನೇಕರು ಭಾವಿಸುವರು. ಆದರೆ ಮಕ್ಕಳು ಬಹು ಬೇಗ ಗುರುತಿಸುವುದು ಹುಸಿಯನ್ನೇ. ಇಷ್ಟು ತಿಳಿದಿದೆ, ಇಷ್ಟು ಹಿರಿಯರು ಹೇಳಿರುವರು, ಉಳಿದುದು ತಿಳಿದಿಲ್ಲ, ಕೂಡಿ ವಿಚಾರಿಸೋಣ ಎಂದು ಹೇಳಿದ ತಂದೆಯಿಂದ ಮಗನು ಒಂದು ವಚನದ ಅರ್ಥಕ್ಕಿಂತ ದೊಡ್ಡದಾದುದನ್ನು ಕಲಿಯುವನು. ಅರಿಯದುದನ್ನು ಅರಿಯೆನೆನ್ನುವ ಧೈರ್ಯವನ್ನು ಕಲಿಯುವನು. ಮನೆಯಲ್ಲಿ ಇದನ್ನು ಕಲಿತವನು ನಾಳೆ ಅಂಗಡಿಯ ತಕ್ಕಡಿಯ ಮುಂದೆಯೂ ಕಚೇರಿಯ ಕಾಗದದ ಮುಂದೆಯೂ ಇಲ್ಲದುದನ್ನು ಇದೆಯೆನ್ನಲು ಹಿಂಜರಿಯುವನು.

ಐದನೆಯದು ಆನಂದ. ಅರ್ಥವಾಗುವುದಕ್ಕೆ ಮೊದಲೇ ವಚನವು ಒಂದು ಬಗೆಯ ಸುಖವನ್ನು ಕೊಡುವುದುಂಟು. ಅದರ ನಡೆ, ಅದರ ಮಾತಿನ ಏರಿಳಿತ, ಕೊನೆಯಲ್ಲಿ ಅಂಕಿತ ಬಂದು ನಿಲ್ಲುವ ಠೀವಿ, ಇವು ಕಿವಿಯ ಮೂಲಕ ಮನಸ್ಸನ್ನು ಸೇರಿ ಕಾಯುತ್ತಿರುವುವು. ಬಾಲ್ಯದಲ್ಲಿ ಕಂಠಸ್ಥವಾದ ವಚನವು ನಲವತ್ತನೆಯ ವಯಸ್ಸಿನಲ್ಲಿ, ಒಂದು ಸಾಲದ ಚಿಂತೆಯ ರಾತ್ರಿಯಲ್ಲೋ ಒಂದು ಬಿಡುವಿನ ಸಂಜೆಯಲ್ಲೋ, ಇದ್ದಕ್ಕಿದ್ದಂತೆ ಬಿಚ್ಚಿಕೊಳ್ಳುವುದು ಹಲವರ ಅನುಭವಕ್ಕೆ ಬಂದ ಸಂಗತಿ. ಆದುದರಿಂದ ತಿಳಿಯದ ವಚನವನ್ನು ಪಠಿಸುವುದು ವ್ಯರ್ಥವಲ್ಲ. ಬಿತ್ತಿದ ದಿನವೇ ಮೊಳಕೆ ಕಾಣಲಿಲ್ಲವೆಂದು ನೆಲವನ್ನು ಕೆದಕಿ ನೋಡುವ ಒಕ್ಕಲಿಗನಿಲ್ಲ. ಆದರೆ ಪಠಿಸುವಾಗ, ಇದು ತನಗಿನ್ನೂ ತಿಳಿದಿಲ್ಲವೆಂಬ ನೆನಪು ಜೊತೆಗಿರಬೇಕು. ಆ ನೆನಪಿನಿಂದ ಕೂಡಿದ ಪಠನವು ಕಾಯುವಿಕೆ. ಆ ನೆನಪಿಲ್ಲದ ಪಠನವು ಗಿಳಿಪಾಠ.

ಆರನೆಯದಾದ ಸಮರಸದ ವಿಷಯದಲ್ಲಿ ಹೆಚ್ಚು ಹೇಳುವುದು ಉಚಿತವಲ್ಲ. ಅದು ಮಾತಿಗೆ ಮೀರಿದ ಸ್ಥಲ. ಓದುಗನ ಮಟ್ಟಿಗೆ ಇಷ್ಟನ್ನು ಹೇಳಬಹುದು. ಮೊದಮೊದಲು ಅವನು ವಚನವನ್ನು ಪರೀಕ್ಷಿಸುವನು. ದಿನಗಳೆದಂತೆ ವಚನವು ಅವನನ್ನು ಪರೀಕ್ಷಿಸತೊಡಗುವುದು. ಇದರ ಅರ್ಥವೇನೆಂದು ಅವನು ಕೇಳುತ್ತಿದ್ದವನು, ತನ್ನ ಬಾಳಿನ ಅರ್ಥವೇನೆಂದು ಅದು ಕೇಳುವುದನ್ನು ಕೇಳಿಸಿಕೊಳ್ಳುವನು. ಆಗ ಟೀಕೆಯೂ ನಿಘಂಟೂ ತಮ್ಮ ಕೆಲಸವನ್ನು ಮುಗಿಸಿ ಹಿಂದೆ ಸರಿಯುವುವು.

ಒಟ್ಟಿನಲ್ಲಿ, ಅರಿಯದ ವಚನವು ಭಕ್ತನಿಗೆ ಅಡ್ಡಿಯಲ್ಲ. ಅವನ ಸತ್ಯಶುದ್ಧತೆಗೆ ಒರೆಗಲ್ಲು. ತಿಳಿದ ವಚನದ ಮುಂದೆ ಎಲ್ಲರೂ ಭಕ್ತರಾಗಬಲ್ಲರು. ತಿಳಿಯದ ವಚನದ ಮುಂದೆ ಬಿಟ್ಟೋಡದೆ, ಬಲ್ಲೆನೆಂದು ನಟಿಸದೆ, ತನ್ನ ಮಾತನ್ನು ಅದರ ಬಾಯಲ್ಲಿ ತುರುಕದೆ, ದಿನಕ್ಕೊಂದು ಹಿಡಿಯನ್ನು ಆಯುತ್ತ ನಿಲ್ಲುವವನೇ ನಿಜವಾದ ಓದುಗ. ಅವನ ಮನೆಯಲ್ಲಿ ವಚನದ ಹೊತ್ತಿಗೆಯು ಪೂಜೆಗೂ ಸಲ್ಲುವುದು, ಓದಿಗೂ ಸಲ್ಲುವುದು, ಬಾಳಿಗೂ ಸಲ್ಲುವುದು. ಅಂತಹ ಓದು ಮನೆಮನೆಯಲ್ಲಿ ನೆಲೆಗೊಳ್ಳಲಿ. ಶರಣರ ವಾಣಿಯ ಮರೆಯಲ್ಲಿರುವ ಅರಿವು ಸರ್ವರ ನಡೆಯಲ್ಲಿ ಬೆಳಗಲಿ.